ಹವಳದ ದಿಬ್ಬದ ಮೀನುಗಳು: ಹುಟ್ಟಿದ್ದೆಲ್ಲಿ, ಉಳಿದದ್ದೆಲ್ಲಿ

ಚಿಟ್ಟೆಮೀನುಗಳಿಂದ ಶುರು ಮಾಡೋಣ. ಅಂಗೈಯಗಲದ, ಚಪ್ಪಟೆ ಮೈಯ, ಹಳದಿ-ಕಪ್ಪು-ಬಿಳಿ ಪಟ್ಟೆಗಳ ಈ ಮೀನುಗಳಲ್ಲಿ ಜಗತ್ತಿನಾದ್ಯಂತ ಸುಮಾರು 130 ಪ್ರಭೇದಗಳಿವೆ. ಇಂಡೋನೇಷ್ಯಾದ ಹವಳದ ದಿಬ್ಬಗಳಲ್ಲಿ ಐವತ್ತಕ್ಕೂ ಹೆಚ್ಚು ಸಿಗುತ್ತವೆ. ಇಡೀ ಕೆರಿಬಿಯನ್ ಸಮುದ್ರ ಜಾಲಾಡಿದರೂ ಬೆರಳೆಣಿಕೆಯಷ್ಟೇ. ಸರ್ಜನ್ ಮೀನುಗಳದ್ದೂ ಅದೇ ಕಥೆ: ಜಗತ್ತಿನಲ್ಲಿ 80ರ ಆಸುಪಾಸು, ಕೆರಿಬಿಯನ್‌ನಲ್ಲಿ ಮೂರು. ಎರಡೂ ಕಡೆ ನೀರು ಬೆಚ್ಚಗಿದೆ, ತಿಳಿಯಾಗಿದೆ, ಹವಳವೂ ಇದೆ. "ಉಷ್ಣವಲಯದಲ್ಲಿ ಬಿಸಿಲು ಜಾಸ್ತಿ, ಅದಕ್ಕೇ ವೈವಿಧ್ಯ ಜಾಸ್ತಿ" ಎಂಬ ಶಾಲಾ ಪಠ್ಯದ ಉತ್ತರ ಇಲ್ಲಿ ಕೈಕೊಡುತ್ತದೆ.

ಫಿಲಿಪ್ಪೀನ್ಸ್, ಮಲೇಷ್ಯಾದ ಸಬಾ, ಇಂಡೋನೇಷ್ಯಾ, ಟಿಮೋರ್-ಲೆಸ್ಟೆ, ಪಪುವಾ ನ್ಯೂಗಿನಿ, ಸೊಲೊಮನ್ ದ್ವೀಪಗಳನ್ನು ಬಳಸಿ ಗೆರೆ ಎಳೆದರೆ ಸಿಗುವ ಪ್ರದೇಶಕ್ಕೆ ಹವಳ ತ್ರಿಕೋನ ಎನ್ನುತ್ತಾರೆ. ಹವಳದ ದಿಬ್ಬದ ಮೀನುಗಳು ಇಲ್ಲಿ 2,000 ಪ್ರಭೇದಗಳಿಗೂ ಹೆಚ್ಚು, ಕಲ್ಲುಹವಳಗಳು 500ಕ್ಕೂ ಹೆಚ್ಚು. ನ್ಯೂಗಿನಿಯ ಪಶ್ಚಿಮ ತುದಿಯ ರಾಜಾ ಅಂಪಾಟ್ ದ್ವೀಪಸಮೂಹ ಒಂದರಲ್ಲೇ 1,300ಕ್ಕೂ ಹೆಚ್ಚು ಮೀನು ಪ್ರಭೇದಗಳು ದಾಖಲಾಗಿವೆ. ಅಲ್ಲಿಂದ ಪೂರ್ವಕ್ಕೆ ಹೋದಷ್ಟೂ ಸಂಖ್ಯೆ ಇಳಿಯುತ್ತದೆ. ಹವಾಯಿಯಲ್ಲಿ ಸುಮಾರು 600, ಈಸ್ಟರ್ ದ್ವೀಪದಲ್ಲಿ 200 ಕೂಡ ಇಲ್ಲ. ಪಶ್ಚಿಮಕ್ಕೂ ಇಳಿಯುತ್ತದೆ, ಆದರೆ ಅಷ್ಟು ಕಡಿದಾಗಿ ಅಲ್ಲ. ನಮ್ಮ ಲಕ್ಷದ್ವೀಪದ ಮೀನುಗಳನ್ನು ಎಸ್. ಜೋನ್ಸ್ ಮತ್ತು ಎಂ. ಕುಮಾರನ್ 1980ರಲ್ಲಿ ಪಟ್ಟಿ ಮಾಡಿದಾಗ 603 ಪ್ರಭೇದಗಳಾದವು.

ಈ ನಕ್ಷೆಯನ್ನು ವಿವರಿಸಲು ದಶಕಗಳಿಂದ ಮೂರು ಪಕ್ಷಗಳು ಜಗಳವಾಡುತ್ತಿವೆ. ಹೊಸ ಪ್ರಭೇದಗಳು ತ್ರಿಕೋನದಲ್ಲೇ ಹುಟ್ಟಿ ಹೊರಗೆ ಹರಡುತ್ತವೆ ಎನ್ನುವುದು ಒಂದು ಪಕ್ಷ. ಅಂಚಿನ ದ್ವೀಪಗಳಲ್ಲಿ ಹುಟ್ಟಿದವು ಪ್ರವಾಹದ ಜತೆ ಬಂದು ಅಲ್ಲಿ ಕೂಡಿಕೊಂಡವು ಎನ್ನುವುದು ಇನ್ನೊಂದು. ಹಿಂದೂ ಮಹಾಸಾಗರದ ಮತ್ತು ಪೆಸಿಫಿಕ್‌ನ ಮೀನುಗಳ ವ್ಯಾಪ್ತಿಗಳು ಅಲ್ಲಿ ಒಂದರ ಮೇಲೊಂದು ಬಿದ್ದಿವೆ, ಅಷ್ಟೇ, ಎನ್ನುವುದು ಮೂರನೆಯದು. ಮೂರಕ್ಕೂ ಒಳ್ಳೆಯ ಉದಾಹರಣೆಗಳಿವೆ, ಅದಕ್ಕೇ ಜಗಳ ಮುಗಿಯುತ್ತಿಲ್ಲ. ನನ್ನ ಮಟ್ಟಿಗೆ ಈ ಪ್ರಶ್ನೆಯ ಒತ್ತೇ ತಪ್ಪು ಜಾಗದಲ್ಲಿದೆ. ಎಲ್ಲಿ ಹುಟ್ಟಿದವು ಎಂದು ಕೇಳುವುದಕ್ಕಿಂತ ಎಲ್ಲಿ ಸಾಯದೆ ಉಳಿದವು ಎಂದು ಕೇಳಿದರೆ ನಕ್ಷೆಯ ಹೆಚ್ಚು ಭಾಗ ಬಿಡಿಸಿಕೊಳ್ಳುತ್ತದೆ.

ಮೊದಲ ಸಾಕ್ಷಿ ಇರುವುದು ಸಮುದ್ರದಲ್ಲಲ್ಲ, ಉತ್ತರ ಇಟಲಿಯ ಬೆಟ್ಟದಲ್ಲಿ. ವೆರೋನಾ ಬಳಿಯ ಮೊಂಟೆ ಬೋಲ್ಕಾದ ಸುಣ್ಣಕಲ್ಲನ್ನು ಪದರ ಪದರವಾಗಿ ಸೀಳಿದರೆ ಸುಮಾರು 5 ಕೋಟಿ ವರ್ಷ ಹಳೆಯ ಮೀನುಗಳು ಮುಳ್ಳು, ರೆಕ್ಕೆ ಸಮೇತ, ಕೆಲವು ಬಣ್ಣದ ಪಟ್ಟೆಯ ಗುರುತಿನ ಸಮೇತ ಸಿಗುತ್ತವೆ. 200ಕ್ಕೂ ಹೆಚ್ಚು ಪ್ರಭೇದಗಳು ಹೀಗೆ ದೊರೆತಿವೆ. ಡೈನೋಸಾರ್‌ಗಳನ್ನು ಅಳಿಸಿದ 6.6 ಕೋಟಿ ವರ್ಷಗಳ ಹಿಂದಿನ ದುರಂತದ ನಂತರ ಮುಳ್ಳುರೆಕ್ಕೆಯ ಮೀನುಗಳು ಎಷ್ಟು ಬೇಗ ಕವಲೊಡೆದವು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಇಲ್ಲ. ಇಂದಿನ ಹವಳದ ದಿಬ್ಬದ ಪರಿಚಿತ ಕುಟುಂಬಗಳು ಅಲ್ಲಿ ಆಗಲೇ ಹಾಜರಿವೆ: ಸರ್ಜನ್ ಮೀನು, ಮೊಲಮೀನು, ಡ್ಯಾಮ್ಸೆಲ್, ರ್‍ಯಾಸ್. ಈಗ ಬದುಕಿರುವ ಸರ್ಜನ್ ಮೀನುಗಳು ಆರೇ ಕುಲಗಳಿಗೆ ಸೇರಿದವು. ಬೋಲ್ಕಾದ ಒಂದೇ ಕೊಲ್ಲಿಯಲ್ಲಿ ಅದಕ್ಕಿಂತ ಹೆಚ್ಚು ಕುಲಗಳಿದ್ದವು.

ಆಗ ಯುರೋಪ್-ಆಫ್ರಿಕಾ ನಡುವೆ ಟೆಥಿಸ್ ಎಂಬ ಬೆಚ್ಚನೆಯ ಸಮುದ್ರ ಹರಡಿಕೊಂಡಿತ್ತು. ಆ ಕಾಲದ ಜೀವವೈವಿಧ್ಯದ ರಾಜಧಾನಿ ಅದೇ. ಆಫ್ರಿಕಾ-ಅರೇಬಿಯಾ ಭೂಫಲಕ ಯುರೇಷ್ಯಾಗೆ ಒತ್ತುತ್ತಾ ಬಂದು, ಸುಮಾರು 1.8ರಿಂದ 1.2 ಕೋಟಿ ವರ್ಷಗಳ ಹಿಂದೆ ಟೆಥಿಸ್‌ನ ದಾರಿ ಮುಚ್ಚಿತು. ಇತ್ತ ಆಸ್ಟ್ರೇಲಿಯಾ ಉತ್ತರಕ್ಕೆ ಸರಿದು ಸುಮಾರು 2.5 ಕೋಟಿ ವರ್ಷಗಳ ಹಿಂದೆ ಆಗ್ನೇಯ ಏಷ್ಯಾಕ್ಕೆ ಡಿಕ್ಕಿ ಹೊಡೆದಿತ್ತು. ಆ ಡಿಕ್ಕಿಯಲ್ಲಿ ಎದ್ದ ಸಾವಿರಾರು ದ್ವೀಪಗಳ ಸುತ್ತ ಆಳವಿಲ್ಲದ ಸಮುದ್ರ ಹುಟ್ಟಿತು. ವಿಲೆಮ್ ರೆನೆಮಾ ಮತ್ತು ಸಂಗಡಿಗರು 2008ರಲ್ಲಿ ಪಳೆಯುಳಿಕೆಗಳನ್ನೂ ವಂಶವೃಕ್ಷಗಳನ್ನೂ ಕೂಡಿಸಿ ತೋರಿಸಿದ್ದು ಇದನ್ನೇ. ವೈವಿಧ್ಯದ ಕೇಂದ್ರ ಪಶ್ಚಿಮ ಟೆಥಿಸ್‌ನಿಂದ ಅರೇಬಿಯಾದ ಸುತ್ತಮುತ್ತಲಿಗೆ, ಅಲ್ಲಿಂದ ಇಂಡೋನೇಷ್ಯಾಕ್ಕೆ ಸ್ಥಳಾಂತರವಾಗಿದೆ. ಪೀಟರ್ ಕೌಮನ್ ಮತ್ತು ಡೇವಿಡ್ ಬೆಲ್‌ವುಡ್ 2013ರಲ್ಲಿ ಮೀನುಗಳ ವಂಶವೃಕ್ಷದ ಮೇಲೆ ಇದೇ ಲೆಕ್ಕ ಹಾಕಿದಾಗ, ತ್ರಿಕೋನ ಮೊದಲು ಹೊರಗಿನವರನ್ನು ಸೇರಿಸಿಕೊಂಡು ಉಳಿಸಿಕೊಂಡ ಜಾಗ, ನಂತರ ತಾನೇ ಹುಟ್ಟಿಸಿದ ಜಾಗ, ಆಮೇಲೆ ಹೊರಗೆ ಕಳಿಸಿದ ಜಾಗ ಎಂದು ಕಂಡಿತು. ಹಳೆಯ ಜಗಳದ ಪಕ್ಷಗಳು ಬೇರೆ ಬೇರೆ ಕಾಲದ ಮಾತಾಡುತ್ತಿದ್ದವು.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ತಿರುವು ಮೊಲಮೀನುಗಳದ್ದು. ಬೋಲ್ಕಾದಲ್ಲಿದ್ದ ಈ ಕುಟುಂಬ ಮೆಡಿಟರೇನಿಯನ್‌ನಿಂದ ಪೂರ್ತಿ ಅಳಿಯಿತು. ಅಟ್ಲಾಂಟಿಕ್‌ನಲ್ಲೂ ಇಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದ ಎರಡು ಮೊಲಮೀನು ಪ್ರಭೇದಗಳು, ಸಿಗಾನಸ್ ರಿವುಲಾಟಸ್ ಮತ್ತು ಸಿಗಾನಸ್ ಲುರಿಡಸ್, ಅದರ ಮೂಲಕ ಮೆಡಿಟರೇನಿಯನ್‌ಗೆ ನುಸುಳಿದವು. ಈಗ ಟರ್ಕಿ, ಗ್ರೀಸ್ ಕರಾವಳಿಯ ಬಂಡೆಗಳ ಪಾಚಿಯನ್ನು ಬೋಳಾಗುವಂತೆ ಮೇಯುತ್ತಿವೆ. ಅಲ್ಲಿನ ಪಾಚಿಗೆ ಅಂಥ ಮೇಯುವಿಕೆ ಲಕ್ಷಾಂತರ ವರ್ಷಗಳಿಂದ ಅಭ್ಯಾಸ ತಪ್ಪಿತ್ತು. ಅತ್ತ ಅಟ್ಲಾಂಟಿಕ್‌ನಲ್ಲಿ ಇಂಥದೇ ಪಾಠ ಲಯನ್ ಫಿಶ್‌ನಿಂದ. ಇಂಡೋ-ಪೆಸಿಫಿಕ್‌ನ ಈ ಮೀನು 1985ರಲ್ಲಿ ಫ್ಲೋರಿಡಾದಲ್ಲಿ ಮೊದಲು ಕಂಡಿತು, ಆಮೇಲೆ ಕೆರಿಬಿಯನ್ ತುಂಬ ಹರಡಿತು. ಅಂದರೆ ಅಲ್ಲಿನ ನೀರಿನಲ್ಲಿ, ಊಟದಲ್ಲಿ ಕೊರತೆ ಇರಲಿಲ್ಲ. ದಾರಿ ಇರಲಿಲ್ಲ, ಅಷ್ಟೇ.

ದಾರಿ ಮುಚ್ಚಿದ್ದು ಹೇಗೆ ಎನ್ನುವುದಕ್ಕೆ ಪನಾಮಾ ಭೂಸಂಧಿಯೇ ಪ್ರಯೋಗಶಾಲೆ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಅದು ಪೂರ್ತಿ ಮೇಲೆದ್ದಾಗ ಒಂದೇ ಮೀನಿನ ಸಂತತಿ ಎರಡು ಸಾಗರಗಳಲ್ಲಿ ಸಿಕ್ಕಿಹಾಕಿಕೊಂಡಿತು. ಡೇವಿಡ್ ಸ್ಟಾರ್ ಜೋರ್ಡನ್ 1908ರಲ್ಲಿ ಇವನ್ನು ಅವಳಿ ಪ್ರಭೇದಗಳೆಂದು ಕರೆದ. ಕೆರಿಬಿಯನ್‌ನ ಪೋರ್ಕ್‌ಫಿಶ್ (ಅನಿಸೊಟ್ರೀಮಸ್ ವರ್ಜಿನಿಕಸ್) ಮತ್ತು ಪೆಸಿಫಿಕ್ ಕಡೆಯ ಅನಿಸೊಟ್ರೀಮಸ್ ಟೀನಿಯೇಟಸ್ ಎರಡನ್ನೂ ಪಕ್ಕಪಕ್ಕ ಇಟ್ಟರೆ, ಹಳದಿ ಮೈಯ ನೀಲಿ-ಬೆಳ್ಳಿ ಗೆರೆಗಳಿಂದ ಹಿಡಿದು ಕಣ್ಣಿನ ಮೇಲಿನ ಕಪ್ಪು ಪಟ್ಟೆಯವರೆಗೆ ಹೆಚ್ಚುಕಡಿಮೆ ಒಂದೇ.

ವಂಶವೃಕ್ಷಕ್ಕೆ ಕಾಲ ಕಟ್ಟುವವರು ಈ ಅವಳಿಗಳನ್ನೇ ಗಡಿಯಾರದ ಕೀಲಿಯಾಗಿ ಬಳಸುತ್ತಾರೆ. ಎಡವಟ್ಟಾಗುವುದೂ ಇಲ್ಲೇ. ಅವಳಿಗಳ ಒಂದು ಜೀನ್ 6% ಬೇರೆಯಾಗಿದ್ದು, ಅಗಲಿಕೆ 30 ಲಕ್ಷ ವರ್ಷದ ಹಿಂದಿನದು ಎಂದುಕೊಂಡರೆ 10 ಲಕ್ಷ ವರ್ಷಕ್ಕೆ 2% ವೇಗ. ಆದರೆ ಭೂಸಂಧಿ ಒಂದು ದಿನ ಬಾಗಿಲು ಹಾಕಿದಂತೆ ಮುಚ್ಚಲಿಲ್ಲ. ಆಳದ ನೀರಿನ ಜೀವಿಗಳು ಮೊದಲು ಬೇರೆಯಾದವು, ಮ್ಯಾಂಗ್ರೋವ್ ಕೆಸರಿನವು ಕೊನೆಗೆ. ನಿಜವಾದ ಅಗಲಿಕೆ 60 ಲಕ್ಷ ವರ್ಷದ ಹಿಂದಿನದಾಗಿದ್ದರೆ ವೇಗ 1% ಮಾತ್ರ, ನೀವು ಆ ವೇಗದಿಂದ ಲೆಕ್ಕ ಹಾಕಿದ ಉಳಿದ ಎಲ್ಲ ತಾರೀಖುಗಳೂ ಅರ್ಧಕ್ಕೆ ಕುಸಿದಿರುತ್ತವೆ. ನ್ಯಾನ್ಸಿ ನೋಲ್ಟನ್ ಮತ್ತಿತರರು ಚಿಟಿಕೆ ಸಿಗಡಿಗಳ ಅವಳಿ ಜೋಡಿಗಳಲ್ಲಿ ಈ ಏರುಪೇರನ್ನು ತೋರಿಸಿದ್ದಾರೆ. ಹಾಗಾಗಿ ಕೀಲಿಗೆ ಮ್ಯಾಂಗ್ರೋವ್ ಅಥವಾ ದಡದ ಜೋಡಿಗಳನ್ನೇ ಆರಿಸಬೇಕು, ಒಂದಕ್ಕಿಂತ ಹೆಚ್ಚು ಜೋಡಿ ಬಳಸಬೇಕು, ಬೋಲ್ಕಾದ ಪಳೆಯುಳಿಕೆಯನ್ನು "ಕನಿಷ್ಠ ಇಷ್ಟು ಹಳೆಯದು" ಎಂಬ ಕೆಳಗಿನ ಮಿತಿಯಾಗಿ ಮಾತ್ರ ಕೊಡಬೇಕು. ಪಳೆಯುಳಿಕೆ ಸಿಕ್ಕಿದ ದಿನವೇ ಕುಟುಂಬದ ಹುಟ್ಟುಹಬ್ಬ ಎಂದು ಬರೆಯುವ ಪ್ರಬಂಧಗಳನ್ನು ಅನುಮಾನದಿಂದಲೇ ಓದಬೇಕು.

ಇನ್ನು ಹಿಮಯುಗ. 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಸರಾಸರಿ 35 ಮೀಟರ್ ಆಳದ ಪರ್ಷಿಯನ್ ಕೊಲ್ಲಿ ಒಣ ನೆಲವಾಗಿತ್ತು. ಇಂದು ಅಲ್ಲಿರುವ ಪ್ರತಿಯೊಂದು ಹವಳದ ಮೀನೂ ಆಮೇಲೆ ಬಂದ ವಲಸಿಗನೇ. ಗ್ರೇಟ್ ಬ್ಯಾರಿಯರ್ ರೀಫ್ ಈಗಿರುವ ಚಪ್ಪಟೆ ಭೂಖಂಡದ ಅಂಚು ಬಹುಪಾಲು ನೀರಿನ ಮೇಲಿತ್ತು. ಕೆಂಪು ಸಮುದ್ರದ ದಕ್ಷಿಣ ಬಾಯಿಯ ಹತ್ತಿರ ಹನೀಶ್ ದ್ವೀಪಗಳ ಬಳಿ ಒಂದು ಹೊಸ್ತಿಲಿದೆ, ಈಗಿನ ಆಳ 137 ಮೀಟರ್. ನೀರು 120 ಮೀಟರ್ ಇಳಿದಾಗ ಅಲ್ಲಿ ಉಳಿದದ್ದು ತೆಳು ಕಿರುಗಾಲುವೆ. ಒಳಗಿನ ನೀರು ಆವಿಯಾಗುತ್ತಾ ಹೋಗಿ, ಈಗ ಲೀಟರಿಗೆ 40 ಗ್ರಾಂ ಇರುವ ಉಪ್ಪು 50 ದಾಟಿತು. ಹೀಗಿದ್ದೂ ಕೆಂಪು ಸಮುದ್ರದ ಮೀನುಗಳಲ್ಲಿ ಸುಮಾರು 14% ಬೇರೆಲ್ಲೂ ಇಲ್ಲದವು, ಅವುಗಳಲ್ಲಿ ಹಲವುಗಳ ಜೀನ್ ವಯಸ್ಸು ಆ ಹಿಮಯುಗಕ್ಕಿಂತ ಹಳೆಯದು. ಒಳಗೇ ಯಾವುದೋ ಮೂಲೆಯಲ್ಲೋ, ಹೊರಗಿನ ಏಡನ್ ಕೊಲ್ಲಿಯಲ್ಲೋ ಅವು ತಲೆಮರೆಸಿಕೊಂಡು ಬದುಕಿರಲೇಬೇಕು.

ಲೊಯಿಕ್ ಪೆಲಿಸಿಯೆ ಮತ್ತು ಸಂಗಡಿಗರ 2014ರ ಕೆಲಸ ಇದನ್ನು ಜಗತ್ತಿನ ಅಳತೆಯಲ್ಲಿ ಪರೀಕ್ಷಿಸಿತು. ಹಿಂದಿನ ಸಮುದ್ರದ ತಾಪಮಾನವನ್ನು ಪುನರ್ರಚಿಸಿ, ಹಿಮಯುಗಗಳ ಏರಿಳಿತದಲ್ಲೂ ಹವಳ ಬದುಕಬಲ್ಲಷ್ಟು ಬೆಚ್ಚಗೆ ಉಳಿದ ಆಶ್ರಯತಾಣಗಳನ್ನು ಗುರುತಿಸಿದರು. ಅವುಗಳಿಂದ ಒಂದು ದಿಬ್ಬ ಎಷ್ಟು ದೂರವಿದೆ ಎನ್ನುವುದು, ಇಂದಿನ ನೀರಿನ ತಾಪಮಾನಕ್ಕಿಂತ ಚೆನ್ನಾಗಿ ಅಲ್ಲಿನ ಮೀನು ವೈವಿಧ್ಯವನ್ನು ಹೇಳಿತು. ದೊಡ್ಡ ಆಶ್ರಯತಾಣ ಇದ್ದದ್ದು ಇಂಡೋ-ಆಸ್ಟ್ರೇಲಿಯನ್ ದ್ವೀಪಸಮೂಹದಲ್ಲಿ, ಅಂದರೆ ಹವಳ ತ್ರಿಕೋನ ಇರುವ ಭಾಗದಲ್ಲೇ. ಅಟ್ಲಾಂಟಿಕ್‌ನದು ಅದರ ಮುಂದೆ ಚಿಕ್ಕದು.

ಹುಟ್ಟಿನ ವೇಗದ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2018ರಲ್ಲಿ. ಡೇನಿಯಲ್ ರಬೋಸ್ಕಿ ಮತ್ತು ಸಂಗಡಿಗರು ಮೀನುಗಳ ಮಹಾವೃಕ್ಷ ಕಟ್ಟಿ ನೋಡಿದರೆ ಸಮುದ್ರದಲ್ಲಿ ಹೊಸ ಪ್ರಭೇದಗಳು ಅತಿ ವೇಗವಾಗಿ ಹುಟ್ಟುತ್ತಿರುವುದು ಧ್ರುವಗಳ ಕಡೆಯ ತಣ್ಣನೆ ನೀರಿನಲ್ಲಿ: ಅಂಟಾರ್ಕ್ಟಿಕಾದ ಐಸ್‌ಫಿಶ್‌ಗಳಂಥ ಗುಂಪುಗಳಲ್ಲಿ, ಉತ್ತರ ಪೆಸಿಫಿಕ್‌ನ ರಾಕ್‌ಫಿಶ್‌ಗಳಲ್ಲಿ. ಉಷ್ಣವಲಯ ನಿಧಾನ. ಹುಟ್ಟು ನಿಧಾನವಾಗಿದ್ದೂ ಸಂಖ್ಯೆ ದೊಡ್ಡದಿದ್ದರೆ, ಸಾವು ಕಡಿಮೆ ಇರಬೇಕು ಅಥವಾ ಕಾಲ ಬಹಳ ಸಿಕ್ಕಿರಬೇಕು. ಒಂದು ಎಚ್ಚರಿಕೆ: ಬದುಕಿರುವವರ ವಂಶವೃಕ್ಷದಿಂದ ಅಳಿವಿನ ದರ ಅಳೆಯುವುದು ತುಂಬ ದುರ್ಬಲ ಲೆಕ್ಕ. ಅದಕ್ಕೇ ಬೋಲ್ಕಾದಂಥ ಕಲ್ಲುಗಣಿಗಳ ಬೆಲೆ ಇಳಿದಿಲ್ಲ.

ಆಶ್ರಯತಾಣದಿಂದ ಹೊರಗೆ ಹರಡುವುದು ಮರಿಗಳ ಕೆಲಸ. ಹೆಚ್ಚಿನ ಹವಳದ ಮೀನುಗಳು ದೊಡ್ಡವಾದ ಮೇಲೆ ಒಂದು ದಿಬ್ಬ ಬಿಟ್ಟು ಕದಲುವುದಿಲ್ಲ. ತೆರೆದ ಸಮುದ್ರದಲ್ಲಿ ತೇಲುವುದು ಲಾರ್ವಾಗಳು. ಎಷ್ಟು ದಿನ ತೇಲಿದವು ಎಂದು ತಿಳಿಯಲು ಕಿವಿಕಲ್ಲು ನೋಡಬೇಕು. ದಿಬ್ಬಕ್ಕೆ ಆಗಷ್ಟೇ ಬಂದಿಳಿದ ಮರಿಯ ತಲೆಯಿಂದ ಆ ಸುಣ್ಣದ ಹರಳನ್ನು ತೆಗೆದು, ಗಾಜಿನ ಸ್ಲೈಡಿಗೆ ಬಿಸಿಗೆ ಕರಗುವ ಅಂಟಿನಿಂದ ಕೂರಿಸಿ, 9, 3, 1 ಮೈಕ್ರಾನ್ ಉಜ್ಜುಹಾಳೆಗಳಲ್ಲಿ ಆ ಕ್ರಮದಲ್ಲೇ ತಿಕ್ಕಿ, ನಡುವಿನ ಬೀಜ ಕಾಣುವವರೆಗೆ ತೆಳುವಾಗಿಸುತ್ತಾರೆ. 400 ಪಟ್ಟು ಹಿಗ್ಗಿಸಿದರೆ ದಿನಕ್ಕೊಂದರಂತೆ ಉಂಗುರಗಳು. ನೆಲೆಯೂರಿದ ದಿನ ಉಂಗುರಗಳ ಅಂತರ ಥಟ್ಟನೆ ಕಿರಿದಾಗುತ್ತದೆ, ಅಲ್ಲಿಗೆ ಎಣಿಕೆ ನಿಲ್ಲಿಸಬೇಕು. ಒಂದು ಸುತ್ತು ಹೆಚ್ಚು ತಿಕ್ಕಿದರೆ ಬೀಜವೇ ಮಾಯ, ಮೊದಲ ದಿನಗಳು ಲೆಕ್ಕದಿಂದ ಹೋದವು. ಕಡಿಮೆ ತಿಕ್ಕಿದರೆ ದಿನದ ಉಂಗುರದೊಳಗಿನ ಮಸುಕು ಗೆರೆಗಳನ್ನೂ ಎಣಿಸಿ ಮೀನಿಗೆ ಇಲ್ಲದ ವಯಸ್ಸು ಕೊಡುತ್ತೀರಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡುವುದು ಅದಕ್ಕೇ.

ಹೀಗೆ ಎಣಿಸಿದಾಗ ಕ್ಲೌನ್ ಮೀನಿಗೆ 8ರಿಂದ 12 ದಿನ, ಬಹುತೇಕ ಡ್ಯಾಮ್ಸೆಲ್‌ಗಳಿಗೆ 2ರಿಂದ 4 ವಾರ, ಸರ್ಜನ್ ಮೀನುಗಳಿಗೆ ಎರಡು ತಿಂಗಳು ಮೀರಿ ಬರುತ್ತದೆ. ಕ್ಲೌನ್ ಮೀನು ಹವಾಯಿಯಲ್ಲಿಲ್ಲ, ಅಟ್ಲಾಂಟಿಕ್‌ನಲ್ಲಿಲ್ಲ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿಲ್ಲ. ಸುಲವೇಸಿ ಹತ್ತಿರದ ಬಂಗಾಯಿ ಕಾರ್ಡಿನಲ್ ಮೀನಿನಲ್ಲಿ ಗಂಡು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ತೇಲುವ ಹಂತವೇ ಇಲ್ಲ. ಅದರ ಸಹಜ ನೆಲೆ ಅದೊಂದು ದ್ವೀಪಗುಚ್ಛಕ್ಕೆ ಸೀಮಿತ. ಹಾಗೆಂದು ತೇಲುವ ದಿನಗಳನ್ನು ನೋಡಿ ವ್ಯಾಪ್ತಿಯನ್ನು ಊಹಿಸಿಬಿಡುವುದು ಬೇಡ. ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯ ಒಂದು ಪುಟ್ಟ ದ್ವೀಪದಲ್ಲಿ ಹೆಣ್ಣು ಮೀನುಗಳಿಗೆ ಬೇರಿಯಂನ ಅಪರೂಪದ ಐಸೋಟೋಪ್ ಚುಚ್ಚಿ, ಅದು ಮರಿಗಳ ಕಿವಿಕಲ್ಲಿನ ಬೀಜದಲ್ಲಿದೆಯೇ ಎಂದು ಹುಡುಕಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ: ಆ ಪುಟ್ಟ ದ್ವೀಪದಲ್ಲಿ ನೆಲೆಯೂರಿದ ಮರಿಗಳಲ್ಲಿ ಸುಮಾರು 60% ಅಲ್ಲೇ ಹುಟ್ಟಿದವು. ಕ್ಲೌನ್ ಮೀನಿಗೂ ಅಷ್ಟೇ, ತಿಂಗಳಿಗೂ ಹೆಚ್ಚು ತೇಲುವ ಚಿಟ್ಟೆಮೀನಿಗೂ ಅಷ್ಟೇ. ಮರಿಗಳು ಸುಮ್ಮನೆ ತೇಲುವುದಿಲ್ಲ, ಈಜುತ್ತವೆ, ವಾಸನೆ-ಸದ್ದು ಹಿಡಿದು ಬರುತ್ತವೆ.

ಹಿಮಯುಗದ ತಡೆಗೋಡೆ ಬಿದ್ದ ಮೇಲೆ ಏನಾಗುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ಜಾವಾದ ದಕ್ಷಿಣಕ್ಕಿರುವ ಕ್ರಿಸ್‌ಮಸ್ ದ್ವೀಪಕ್ಕೆ ಹೋಗಬೇಕು. ಹಿಂದೂ ಮಹಾಸಾಗರದ ನೀಲಿ ಸರ್ಜನ್ ಮೀನು ಅಕಾಂಥುರಸ್ ಲ್ಯೂಕೊಸ್ಟರ್ನಾನ್‌ಗೆ ನೀಲಿ ಮೈ, ಹಳದಿ ಬೆನ್ನುರೆಕ್ಕೆ, ಬಿಳಿ ಗಂಟಲು. ಅದರ ಪೆಸಿಫಿಕ್ ದಾಯಾದಿ ಅಕಾಂಥುರಸ್ ನಿಗ್ರಿಕಾನ್ಸ್‌ಗೆ ಕಪ್ಪು ಮೈ, ಕಣ್ಣಿನ ಕೆಳಗೆ ಬಿಳಿ ಮಚ್ಚೆ. ಕ್ರಿಸ್‌ಮಸ್ ಮತ್ತು ಕೋಕೋಸ್ ದ್ವೀಪಗಳಲ್ಲಿ ಇವೆರಡರ ಬೆರಕೆಗಳೂ ಈಜಾಡುತ್ತವೆ. ಒಂದು ಪ್ರಭೇದ ಎಲ್ಲಿ ಮುಗಿಯುತ್ತದೆ ಎಂದು ಪಟ್ಟಿ ಮಾಡುವವರಿಗೆ ಇವು ತಲೆನೋವು. ಕೆರಿಬಿಯನ್‌ನ ಹ್ಯಾಮ್ಲೆಟ್ ಮೀನುಗಳು ಅದಕ್ಕಿಂತ ದೊಡ್ಡ ತಲೆನೋವು: ಹತ್ತಕ್ಕೂ ಹೆಚ್ಚು ಹೆಸರುಗಳು, ಬಣ್ಣ ಬಿಟ್ಟರೆ ಡಿಎನ್ಎಯಲ್ಲಿ ವ್ಯತ್ಯಾಸ ಅತ್ಯಲ್ಪ.

ಪಟ್ಟಿಯ ಮಾತು ಬಂದಿದ್ದರಿಂದ ಎಣಿಕೆಯ ಬಗ್ಗೆ. ಮೇಲೆ ಕೊಟ್ಟ ಎಲ್ಲ ಸಂಖ್ಯೆಗಳೂ ಯಾರೋ ನೀರಿಗಿಳಿದು ಎಣಿಸಿದ್ದು, ಅಥವಾ ಬಲೆಯಲ್ಲಿ, ವಿಷದಲ್ಲಿ ಹಿಡಿದಿದ್ದು. 50 ಮೀಟರ್ ಟೇಪು ಹಾಸಿ, ಹಾಸುತ್ತಾ ಹೋಗುವಾಗ 5 ಮೀಟರ್ ಅಗಲದಲ್ಲಿ ದೊಡ್ಡ, ನಾಚುವ ಮೀನುಗಳನ್ನೂ, ಮರಳುವಾಗ 1-2 ಮೀಟರ್ ಅಗಲದಲ್ಲಿ ಚಿಕ್ಕವನ್ನೂ ಎಣಿಸುವುದು ರೂಢಿ. ಹಿಂದಿನಿಂದ ಬಂದು ದಾಟಿಹೋಗುವ ಮೀನನ್ನು ಸೇರಿಸಬಾರದು. ಸೇರಿಸಿದರೆ ವೇಗದ ಮೀನುಗಳೆಲ್ಲ ಲೆಕ್ಕದಲ್ಲಿ ಉಬ್ಬುತ್ತವೆ. ಮುಖವಾಡದ ಚಪ್ಪಟೆ ಗಾಜಿನ ಹಿಂದೆ ಗಾಳಿ ಇರುವುದರಿಂದ 30 ಸೆಂ.ಮೀ. ಮೀನು 40ರಂತೆ ಕಾಣುತ್ತದೆ. ತೂಕ ಉದ್ದದ ಹೆಚ್ಚುಕಡಿಮೆ ಮೂರನೇ ಘಾತದಲ್ಲಿ ಏರುವುದರಿಂದ, ತಿದ್ದದೆ ಬಿಟ್ಟರೆ ಆ ಮೀನಿನ ತೂಕ 2.37 ಪಟ್ಟಾಗುತ್ತದೆ. ಉದ್ದ ಗೊತ್ತಿರುವ ಪಿವಿಸಿ ತುಂಡುಗಳನ್ನು ನೀರಲ್ಲಿ ತೂಗುಹಾಕಿ ಕಣ್ಣು ಪಳಗಿಸದೆ ಸಮೀಕ್ಷೆಗೆ ಇಳಿಯಬಾರದು.

ಇಷ್ಟೆಲ್ಲ ಮಾಡಿದರೂ 5 ಸೆಂ.ಮೀ.ಗಿಂತ ಚಿಕ್ಕ, ಬಿರುಕಿನಲ್ಲಿ ಅಡಗುವ ಗೋಬಿ, ಬ್ಲೆನಿಗಳು ತಪ್ಪುತ್ತವೆ. ಇವನ್ನು ಬಿಟ್ಟ ಪಟ್ಟಿ ಅರ್ಧ ಪಟ್ಟಿ. ಎವಿಯೋಟಾ ಸಿಗಿಲಾಟಾ ಎಂಬ ಗೋಬಿಯ ಗರಿಷ್ಠ ಆಯುಸ್ಸು 59 ದಿನ, ಅದರಲ್ಲಿ ಮೂರು ವಾರ ಲಾರ್ವಾ ಆಗಿಯೇ ಕಳೆಯುತ್ತದೆ. ಸೈಮನ್ ಬ್ರಾಂಡಲ್ ಮತ್ತು ಸಂಗಡಿಗರ 2019ರ ಲೆಕ್ಕದಂತೆ ದಿಬ್ಬದಲ್ಲಿ ಬೇರೆಯವರ ಹೊಟ್ಟೆ ಸೇರುವ ಮೀನಿನ ತೂಕದಲ್ಲಿ ಸುಮಾರು 60% ಇಂಥ ಪುಟಾಣಿಗಳದೇ. ಇವನ್ನು ಹಿಡಿಯಲು ಒಂದು ಚದರ ಮೀಟರನ್ನು ನುಣ್ಣನೆ ಬಲೆಯಿಂದ ಮುಚ್ಚಿ, ಲವಂಗದೆಣ್ಣೆಯನ್ನು ಎಥನಾಲ್‌ನಲ್ಲಿ ಬೆರೆಸಿ ಒಳಗೆ ಚಿಮುಕಿಸಿ, ಮಂಪರಾದವನ್ನು ಆರಿಸಿಕೊಳ್ಳುತ್ತಾರೆ. ನೀರನ್ನೇ ಸೋಸಿ ಡಿಎನ್ಎ ಓದುವ ವಿಧಾನ ಈಗ ಬಂದಿದೆ, ಆದರೆ ಹೋಲಿಸಿ ನೋಡುವ ಡಿಎನ್ಎ ಸಂಗ್ರಹದಲ್ಲಿ ಇಲ್ಲದ ಗೋಬಿಗೆ ಪಕ್ಕದ ಪ್ರಭೇದದ ಹೆಸರು ಬಿದ್ದುಬಿಡುತ್ತದೆ.

ಜೆರಾಲ್ಡ್ ಆಲೆನ್ ಈ ತೊಡಕಿಗೆ ಒಂದು ಅಡ್ಡದಾರಿ ಹುಡುಕಿದರು. ಕಣ್ಣಿಗೆ ಸುಲಭವಾಗಿ ಬೀಳುವ ಆರು ಕುಟುಂಬಗಳ (ಚಿಟ್ಟೆಮೀನು, ಏಂಜೆಲ್ ಮೀನು, ಡ್ಯಾಮ್ಸೆಲ್, ರ್‍ಯಾಸ್, ಗಿಳಿಮೀನು, ಸರ್ಜನ್ ಮೀನು) ಪ್ರಭೇದಗಳನ್ನು ಮಾತ್ರ ಪೂರ್ತಿ ಎಣಿಸಿ. 2,000 ಚದರ ಕಿ.ಮೀ.ಗಿಂತ ಚಿಕ್ಕ ಪ್ರದೇಶವಾದರೆ ಬಂದ ಸಂಖ್ಯೆಯನ್ನು 3.39ರಿಂದ ಗುಣಿಸಿ 20.595 ಕಳೆಯಿರಿ. 50,000 ಚದರ ಕಿ.ಮೀ.ಗಿಂತ ದೊಡ್ಡದಾದರೆ 4.234ರಿಂದ ಗುಣಿಸಿ 114.446 ಕಳೆಯಿರಿ. ಚಿಕ್ಕ ದ್ವೀಪದಲ್ಲಿ 100 ಸಿಕ್ಕರೆ ಒಟ್ಟು ಅಂದಾಜು 318. ಇದು ಕೆಲಸ ಮಾಡುವುದಕ್ಕೆ ಕಾರಣ ಬೆಲ್‌ವುಡ್ ಮತ್ತು ಟೆರಿ ಹ್ಯೂಸ್ 2001ರಲ್ಲಿ ತೋರಿಸಿದ ಸಂಗತಿ: ಇಂಡೋ-ಪೆಸಿಫಿಕ್‌ನಲ್ಲಿ ಒಟ್ಟು ಸಂಖ್ಯೆ ಎಷ್ಟೇ ಇಳಿದರೂ ಕುಟುಂಬಗಳ ನಡುವಿನ ಪಾಲು ಹೆಚ್ಚು ಕದಲುವುದಿಲ್ಲ.

ಈ ಸೂತ್ರವನ್ನು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಹಚ್ಚುವ ಮುನ್ನ ಎರಡು ಸಲ ಯೋಚಿಸಬೇಕು. ಅದು ಲಕ್ಷದ್ವೀಪದಂಥ ಹವಳದ ದ್ವೀಪವಲ್ಲ, ಬಂಡೆಗೆ ಅಲ್ಲಲ್ಲಿ ಹವಳ ಕಚ್ಚಿಕೊಂಡ ಜಾಗ. ಮಳೆಗಾಲದಲ್ಲಿ ನದಿಗಳ ಕೆಸರುನೀರು, ತಳದಿಂದ ಮೇಲೇಳುವ ತಣ್ಣೀರು ಎರಡೂ ನಮ್ಮ ಕರಾವಳಿಯಲ್ಲಿ ಹವಳಕ್ಕೆ ಕಷ್ಟ. ಹವಳವನ್ನೇ ತಿನ್ನುವ ಚಿಟ್ಟೆಮೀನು ಅಂಥಲ್ಲಿ ಮೊದಲು ಕಡಿಮೆಯಾಗುತ್ತದೆ, ಬಂಡೆ ಸಂದಿಯ ಮುರು ಮೀನಿಗೆ ಅಷ್ಟೇನೂ ತೊಂದರೆಯಿಲ್ಲ. ಆರು ಕುಟುಂಬಗಳ ಪಾಲು ಕುಗ್ಗಿದಲ್ಲಿ ಸೂತ್ರ ಒಟ್ಟು ಸಂಖ್ಯೆಯನ್ನು ಕಡಿಮೆ ಹೇಳುತ್ತದೆ. ಹವಳ ತ್ರಿಕೋನದ ಬದಲು ಇಲ್ಲಿಗೆ ಹೋಲಿಕೆಯಾಗಿ ಲಕ್ಷದ್ವೀಪವನ್ನು ಇಟ್ಟುಕೊಳ್ಳುವುದು ಮೇಲು. 1998ರಿಂದ ಅಲ್ಲಿನ ದಿಬ್ಬಗಳನ್ನು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಹಿಂಬಾಲಿಸುತ್ತಿದ್ದಾರೆ. ನೇತ್ರಾಣಿಯಿಂದ ಹತ್ತಿರದ ಲಕ್ಷದ್ವೀಪದ ದಿಬ್ಬ ಸುಮಾರು 300 ಕಿ.ಮೀ. ಸೆಕೆಂಡಿಗೆ 20 ಸೆಂ.ಮೀ. ಪ್ರವಾಹ ದಿನಕ್ಕೆ 17 ಕಿ.ಮೀ. ಒಯ್ಯುತ್ತದೆ, ನೆಟ್ಟಗೆ ಬಂದರೂ 18 ದಿನ. ಸರ್ಜನ್ ಮೀನಿನ ಮರಿಗೆ ಇದು ಸಾಧ್ಯ, ಕ್ಲೌನ್ ಮೀನಿನ ಮರಿಗೆ ಆಗದು. ನೇತ್ರಾಣಿಯಲ್ಲಿ ಯಾವ ಮೀನು ಅಲ್ಲೇ ಮರಿಮಾಡಿ ಉಳಿದದ್ದು, ಯಾವುದು ಆಗಾಗ ಹೊರಗಿನಿಂದ ಬಂದು ಸೇರುವುದು ಎಂದು ವಿಂಗಡಿಸಲು ಹೊರಟವರು ಈ ಗುಣಾಕಾರದಿಂದ ಶುರು ಮಾಡಬಹುದು, ಆಮೇಲೆ ಕಿವಿಕಲ್ಲು ತಿಕ್ಕಲು ಕೂರಬೇಕು.